ಮುಖ ಉಳಿಯಿತು, ಅಂಚು ಎಲ್ಲಿ ಹೋಯಿತು?



ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟ ಯುವತಿಯ ಒಂದು ಛಾಯಾಚಿತ್ರವನ್ನು ಕಲ್ಪಿಸಿಕೊಳ್ಳಿ. ರೆಪ್ಪೆಯ ಕೂದಲನ್ನು ಎಣಿಸಬಹುದು, ಕಣ್ಣು ಅಷ್ಟು ಸ್ಪಷ್ಟ. ಹಿನ್ನೆಲೆಯೆಲ್ಲ ಕರಗಿ ಹೋಗಿದೆ. ನೋಡಿದವರು ‘ಎಷ್ಟು ಚೆನ್ನಾಗಿದೆ’ ಎನ್ನುತ್ತಾರೆ. ಅದೇ ಚಿತ್ರವನ್ನು ಸೀರೆ ನೇಯ್ದವರ ಕೈಗೆ ಕೊಟ್ಟರೆ ‘ಅಂಚು ಎಲ್ಲಿ?’ ಎಂದು ಕೇಳಿಯಾರು. ಜರಿಯ ಅಂಚು ಬರೀ ಹಳದಿ ಮಸುಕಾಗಿದೆ. ಸೀರೆಗಾಗಿ ತೆಗೆದ ಚಿತ್ರದಲ್ಲಿ ಸೀರೆಯೇ ಕಾಣದಂತಾದದ್ದು ಹೇಗೆ?

ಇಂಥ ಚಿತ್ರಗಳನ್ನು ಸಾಮಾನ್ಯವಾಗಿ ತೆಗೆಯುವುದು ಪ್ರೈಮ್ ಲೆನ್ಸ್‌ನಲ್ಲಿ. ಜೂಮ್ ಇಲ್ಲದ, ಒಂದೇ ಸಂಗಮದೂರದ ಲೆನ್ಸ್ ಅದು. ಮುಖಚಿತ್ರಕ್ಕೆ 85 ಮಿ.ಮೀ. ಲೆನ್ಸ್ ಹೆಚ್ಚು ಬಳಕೆಯಲ್ಲಿದೆ. ಅದರ ಮೇಲೆ ಬರೆದಿರುವ ಎಫ್ ಸಂಖ್ಯೆ ಒಂದು ಭಾಗಾಕಾರದ ಲೆಕ್ಕ. ಸಂಗಮದೂರವನ್ನು ಬೆಳಕಿನ ದ್ವಾರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು. 85 ಮಿ.ಮೀ. ಲೆನ್ಸ್‌ನಲ್ಲಿ ಎಫ್ 1.4 ಎಂದರೆ ಸುಮಾರು 61 ಮಿ.ಮೀ. ಅಗಲದ ದ್ವಾರ, ಎಫ್ 8 ಎಂದರೆ 11 ಮಿ.ಮೀ.ಗೂ ಕಡಿಮೆ. ಇವೆರಡರ ನಡುವೆ ಬೆಳಕಿನ ವ್ಯತ್ಯಾಸ 32 ಪಟ್ಟು. ಎಫ್ 8ರಲ್ಲಿ ಒಂದು ಸೆಕೆಂಡಿನ ಎಂಟನೇ ಒಂದು ಭಾಗ ಬೇಕಾದ ಚಿತ್ರಕ್ಕೆ ಎಫ್ 1.4ರಲ್ಲಿ 250ನೇ ಒಂದು ಭಾಗ ಸಾಕು. ಇಂಥ ಲೆನ್ಸನ್ನು ‘ಫಾಸ್ಟ್’ ಎನ್ನುವುದು ಇದಕ್ಕೇ.

ಈ ಹಂಬಲ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ದಾಗೆರ್‌ನ ವಿಧಾನ ಜಗತ್ತಿಗೆ ತಿಳಿದಾಗ, ಒಂದು ಚಿತ್ರಕ್ಕಾಗಿ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಮರುವರ್ಷ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಸುಮಾರು ಎಫ್ 3.6ರ ಲೆನ್ಸ್ ರೂಪಿಸಿದರು. ನಡುಭಾಗ ಸ್ಪಷ್ಟವಾಗಿ, ಅಂಚಿನ ಕಡೆ ಮಸುಕಾಗಿ ಕಾಣುವುದು ಆ ಲೆನ್ಸ್‌ನ ಗುಣ. ಅವರಿಗೆ ಬೇಕಾಗಿದ್ದದ್ದು ಬೆಳಕು. ಮಸುಕು ಅದರೊಂದಿಗೆ ಬಂದದ್ದು. ಇಂದು ಆ ಮಸುಕಿಗಾಗಿಯೇ ದುಬಾರಿ ಲೆನ್ಸ್ ಕೊಳ್ಳುವವರಿದ್ದಾರೆ.

ದ್ವಾರ ಅಗಲವಾದಷ್ಟೂ ಸ್ಪಷ್ಟತೆಯ ಆಳ ಕಡಿಮೆಯಾಗುತ್ತದೆ. 35 ಮಿ.ಮೀ. ಫಿಲ್ಮ್ ಅಳತೆಯ ಕ್ಯಾಮೆರಾದಲ್ಲಿ, 85 ಮಿ.ಮೀ. ಲೆನ್ಸ್‌ನಿಂದ ಎರಡು ಮೀಟರ್ ದೂರದ ಮುಖವನ್ನು ಎಫ್ 1.4ರಲ್ಲಿ ತೆಗೆದರೆ ಸ್ಪಷ್ಟವಾಗಿ ಉಳಿಯುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಸರಿಯಿದ್ದರೆ ಕಿವಿ ಆಗಲೇ ಮಸುಕು. ಇನ್ನು ಭುಜದ ಮೇಲಿಂದ ಇಳಿಯುವ ಸೆರಗು ಉಳಿಯುವುದೆಲ್ಲಿ? ಎಫ್ 8ಕ್ಕೆ ಇಳಿಸಿದರೆ ಈ ಆಳ ಸುಮಾರು ಕಾಲು ಮೀಟರ್ ಆಗುತ್ತದೆ.

ಸೆರಗು ಕಾಣುವುದು ಕೊಳ್ಳೇಗಾಲದ ಮಟ್ಟಿಗೆ ಸಣ್ಣ ವಿಷಯವಲ್ಲ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆ ಬೇಸಾಯದ ಮುಖ್ಯ ಪ್ರದೇಶ ಇದೇ. ಆಳುವ ರಾಜ್ಯ ಬದಲಾದರೂ ರೇಷ್ಮೆಯ ನಂಟು ಬಿಡಲಿಲ್ಲ. ಇಂದು ಸೀರೆಯನ್ನು ಮುಟ್ಟಿ ನೋಡದೆ, ಚಿತ್ರ ನೋಡಿಯೇ ಕೊಳ್ಳುವವರು ಹೆಚ್ಚಿದ್ದಾರೆ. ಕೈಮಗ್ಗದ ಸೀರೆಯ ಅಂಚಿನಲ್ಲಿ, ಬಟ್ಟೆಯನ್ನು ಬಿಗಿಯಾಗಿಡಲು ಚುಚ್ಚಿದ ಮುಳ್ಳುಗಳ ಸಣ್ಣ ತೂತುಗಳು ಅನೇಕ ವೇಳೆ ಉಳಿದಿರುತ್ತವೆ. ಇಂಥ ಗುರುತುಗಳೆಲ್ಲ ಮಸುಕಿನಲ್ಲಿ ಅಳಿಸಿಹೋದರೆ ಕೈಮಗ್ಗಕ್ಕೂ ವಿದ್ಯುತ್ ಮಗ್ಗಕ್ಕೂ ಚಿತ್ರದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಕೊಳ್ಳುವವರು ಮೋಸಹೋಗಬಹುದು, ನೇಯ್ದವರ ದುಡಿಮೆಗೆ ಬೆಲೆ ಸಿಗದೆ ಹೋಗಬಹುದು.

ಹಾಗೆಂದು ಅಗಲ ದ್ವಾರವನ್ನು ಬಿಟ್ಟೇಬಿಡಬೇಕೆಂದಲ್ಲ. ಒಂದೇ ಕಿಟಕಿಯ ಬೆಳಕಿರುವ ಮಗ್ಗದ ಕೋಣೆಯಲ್ಲಿ ಫ್ಲ್ಯಾಷ್ ಹಾಕದೆ ನೇಕಾರರ ಮುಖ ಹಿಡಿಯಲು ಅದೇ ಬೇಕು. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆ ಮಂಟಪದ ಮುಂದೆ ಮಾತ್ರ ಯೋಚಿಸಬೇಕಾಗುತ್ತದೆ. ಆ ಮಂಟಪಕ್ಕೆ ಹೆಸರು ತಂದದ್ದೇ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿ. ಅವು ಗುರುತು ಸಿಗದಂತೆ ಮಸುಕಾಗುವುದಾದರೆ ಅಲ್ಲಿಗೆ ಹೋಗಿ ಚಿತ್ರ ತೆಗೆದು ಪ್ರಯೋಜನವೇನು? ಹನೂರಿನ ಬಯಲಿನಲ್ಲಿ ತೊಡಕು ಇನ್ನೊಂದು ಬಗೆಯದು. ನಡುಹಗಲ ಬಿಸಿಲಿನಲ್ಲಿ, ಐಎಸ್‌ಒ 100ರಲ್ಲಿ, ಎಫ್ 1.4 ಇಟ್ಟರೆ ಷಟರ್ ಒಂದು ಸೆಕೆಂಡಿನ ಸುಮಾರು 12,800ನೇ ಒಂದು ಭಾಗದಷ್ಟು ಬೇಗ ಮುಚ್ಚಬೇಕು. ಅನೇಕ ಕ್ಯಾಮೆರಾಗಳ ಷಟರ್‌ಗೆ 4,000 ಅಥವಾ 8,000ವೇ ಮಿತಿ. ಬೆಳಕು ತಗ್ಗಿಸುವ ಫಿಲ್ಟರ್ ಹಾಕಬೇಕು. ಇಲ್ಲವೇ ಮರದ ನೆರಳಿಗೆ ಬರಬೇಕು.

ದೂರದ ಲೆಕ್ಕವೂ ನೆನಪಿರಲಿ. ದೂರ ಎರಡರಷ್ಟಾದರೆ ಸ್ಪಷ್ಟತೆಯ ಆಳ ಸುಮಾರು ನಾಲ್ಕರಷ್ಟಾಗುತ್ತದೆ. ಅಡಿಯಿಂದ ಮುಡಿಯವರೆಗೆ ಕಾಣುವಂತೆ ನಾಲ್ಕೂವರೆ ಮೀಟರ್ ಹಿಂದಕ್ಕೆ ಸರಿದರೆ, ಎಫ್ 1.4ರಲ್ಲೂ 20 ಸೆಂಟಿಮೀಟರಿಗಿಂತ ಹೆಚ್ಚು ಆಳ ದೊರೆಯುತ್ತದೆ. ಸೆರಗನ್ನು ಮುಂದಕ್ಕೆ ಚಾಚದೆ ಮುಖದ ನೇರಕ್ಕೇ ಹಿಡಿದರೆ ಕಣ್ಣೂ ಉಳಿಯುತ್ತದೆ, ಜರಿಯೂ ಉಳಿಯುತ್ತದೆ. ಹಿಂದಿನ ಗುಡ್ಡ ಮಸುಕಾಗಿಯೇ ಇರುತ್ತದೆ.

ಮಸುಕೊಂದರಿಂದಲೇ ಮುಖಕ್ಕೆ ಕಳೆ ಬರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ಗುರುದತ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಅವರನ್ನು ಇಲ್ಲಿ ನೆನೆಯಬೇಕು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋ ಒಳಗೆ ಹರಿಸಿದ್ದು ಇಂದಿಗೂ ಮಾತಾಗಿದೆ. ಅವರ ಮೊದಲ ಯೋಚನೆ ಬೆಳಕು ಎಲ್ಲಿಂದ ಬರಬೇಕು ಎಂಬುದಾಗಿತ್ತು. ರೇಷ್ಮೆಗೂ ಅದೇ ಬೇಕು. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಎಳೆಯ ಹೊಳಪು ಕಾಣುತ್ತದೆ. ಎದುರಿನಿಂದ ಬಿದ್ದರೆ ಸಪ್ಪೆಯಾಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿಳಿ ಪಂಚೆಯೊಂದನ್ನು ಹಿಡಿದರೆ ಮುಖದ ನೆರಳೂ ತಿಳಿಯಾಗುತ್ತದೆ. ಅದಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ.

ಆದ್ದರಿಂದ ಸೀರೆಯ ಚಿತ್ರಕ್ಕೆ ಹೊರಟವರು ಎರಡು ಬಾರಿ ಷಟರ್ ಒತ್ತುವುದು ಒಳ್ಳೆಯದು: ಉಟ್ಟವರಿಗಾಗಿ ಎಫ್ 1.4ರಲ್ಲಿ ಒಂದು, ನೇಯ್ದವರಿಗಾಗಿ ಎಫ್ 8ರಲ್ಲಿ ಇನ್ನೊಂದು. ಎರಡನ್ನೂ ಜೊತೆಗಿಟ್ಟು ಪ್ರಕಟಿಸಿದರೆ ‘ಅಂಚು ಎಲ್ಲಿ?’ ಎಂದು ಯಾರೂ ಕೇಳಬೇಕಾಗುವುದಿಲ್ಲ.