ನೆರೆ ಬರುವ ಮುನ್ನ ಮನೆಮಂದಿಯ ಏರ್ಪಾಡು

(ಸೋಮನಾಥಪುರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆಗೆ ಮೊದಲು ನಾವು ಲೆಕ್ಕ ಹಾಕುತ್ತೇವೆ. ಎಷ್ಟು ಬೀಜ ಬೇಕು, ಗೊಬ್ಬರ ಎಲ್ಲಿಂದ ತರಬೇಕು, ನಾಟಿಗೆ ಆಳುಗಳು ಯಾವಾಗ ಸಿಗುತ್ತಾರೆ ಎಂದು ಮನೆಯವರೆಲ್ಲ ಕುಳಿತು ಮಾತನಾಡುತ್ತೇವೆ. ಆದರೆ ಹೊಳೆ ಉಕ್ಕಿ ಹಿತ್ತಲಿಗೆ ಬಂದರೆ ಯಾರು ಏನು ಮಾಡಬೇಕೆಂದು ಮೊದಲೇ ಮಾತನಾಡಿಕೊಂಡಿರುವ ಮನೆಗಳು ವಿರಳ. ಇಂದು ಆ ವಿಷಯವನ್ನೇ ತಮ್ಮ ಮುಂದೆ ಇಡಬಯಸುತ್ತೇನೆ.

ನೆರೆ ನಮಗೆ ಹೊಸದಲ್ಲ

ಕಾವೇರಿ ಮತ್ತು ಕಪಿಲೆ ತಿರುಮಕೂಡಲಿನಲ್ಲಿ ಕೂಡುತ್ತವೆ. ನಮ್ಮ ಭತ್ತ, ಕಬ್ಬು, ಬಾಳೆ ಎಲ್ಲವೂ ಈ ಎರಡು ಹೊಳೆಗಳ ಋಣ. ಆದರೆ ಕೊಡುವ ಹೊಳೆ ಒಮ್ಮೊಮ್ಮೆ ಕಿತ್ತುಕೊಳ್ಳುವುದೂ ಉಂಟು. 1924ರ ಜುಲೈ ತಿಂಗಳ ಕಾವೇರಿ ಮಹಾಪೂರದ ಮಾತನ್ನು ಹಿರಿಯರಿಂದ ಕೇಳಿದವರು ಇರಬಹುದು. ಅಷ್ಟು ಹಿಂದೆ ಹೋಗಬೇಕಾಗಿಲ್ಲ. 2018 ಮತ್ತು 2019ರಲ್ಲಿ ಸತತವಾಗಿ ಎರಡು ವರ್ಷ ಕಪಿಲೆ ದಂಡೆ ಮೀರಿದಳು. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯುಸೆಕ್ಸ್‌ಗೂ ಹೆಚ್ಚು ನೀರು ಹೊರಬಿತ್ತು. ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆ ಮುಳುಗಿ ಸಂಚಾರ ನಿಂತಿತು. 2024ರ ಮಳೆಗಾಲದಲ್ಲಿಯೂ ಅದೇ ಜಾಗದಲ್ಲಿ ರಸ್ತೆಯ ಮೇಲೆ ನೀರು ಹರಿಯಿತು.

ನಮಗೆ ಸಿಗುವ ಸಮಯ ಎಷ್ಟು?

"ಮೇಲೆ ಅಣೆಕಟ್ಟೆ ಇದೆ, ಅದು ತಡೆಯುತ್ತದೆ" ಎಂದು ಅನೇಕರು ನಂಬಿದ್ದಾರೆ. ಇಲ್ಲಿ ಒಂದು ಸಣ್ಣ ಲೆಕ್ಕ ನೋಡೋಣ.

ಬೀಚನಹಳ್ಳಿಯ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿ.ಎಂ.ಸಿ. ಒಂದು ಲಕ್ಷ ಕ್ಯುಸೆಕ್ಸ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. ಅಂದರೆ ಪೂರ್ಣ ಬರಿದಾದ ಜಲಾಶಯವೂ ಅಂಥ ಒಳಹರಿವಿನಿಂದ ಎರಡೂಕಾಲು ದಿನದಲ್ಲಿ ತುಂಬಿಬಿಡುತ್ತದೆ. ವಯನಾಡಿನಲ್ಲಿ ಪುನರ್ವಸು, ಪುಷ್ಯ ಮಳೆಗಳು ಹಿಡಿದು ಸುರಿದ ವರ್ಷ ಜಲಾಶಯ ಆಶ್ಲೇಷಕ್ಕೆ ಮೊದಲೇ ತುಂಬಿರುತ್ತದೆ. ಆಗ ಬಂದಷ್ಟು ನೀರನ್ನೂ ಕೆಳಕ್ಕೆ ಬಿಡದೆ ಬೇರೆ ದಾರಿಯಿಲ್ಲ. ಅತ್ತ ಕಾವೇರಿಯ ಮೇಲೆ ಕೃಷ್ಣರಾಜಸಾಗರವೂ 124.80 ಅಡಿ ತಲುಪಿ ನೀರು ಬಿಡುತ್ತಿದ್ದರೆ ಸಂಗಮದ ಬಳಿ ಎರಡು ಪ್ರವಾಹಗಳೂ ಸೇರುತ್ತವೆ.

ಆದುದರಿಂದ ಎಚ್ಚರಿಕೆ ಬರುವುದು ಗಂಟೆಗಳ ಲೆಕ್ಕದಲ್ಲಿ. ಅದೂ ಬಹುಶಃ ರಾತ್ರಿಯ ಹೊತ್ತು. ಆ ಗಳಿಗೆಯಲ್ಲಿ ಕುಳಿತು ಯೋಚಿಸಲು ಬಿಡುವಿರುವುದಿಲ್ಲ. ಮೊದಲೇ ತೀರ್ಮಾನ ಮಾಡಿಟ್ಟುಕೊಂಡದ್ದನ್ನು ಮಾತ್ರ ಮಾಡಲು ಸಾಧ್ಯ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹೊರಡುವ ಗುರುತು

ಮನೆಯವರು ಮೊದಲು ತೀರ್ಮಾನಿಸಬೇಕಾದುದು ಯಾವಾಗ ಹೊರಡಬೇಕು ಎಂಬುದನ್ನು. ನೀರು ಕಣ್ಣೆದುರಿಗೆ ಬಂದಾಗ "ಇನ್ನೊಂದು ಗಂಟೆ ನೋಡೋಣ" ಎಂದು ಮನಸ್ಸು ಹಿಂಜರಿಯುತ್ತದೆ. ಹೋದ ಸಲ ಹೊಸ್ತಿಲ ತನಕ ಬರಲಿಲ್ಲ, ಈ ಸಲವೂ ಬರಲಾರದು ಎನ್ನಿಸುತ್ತದೆ. ಆದ್ದರಿಂದ ಒಂದು ಗುರುತು ಇಟ್ಟುಕೊಳ್ಳಿ. ನಂಜನಗೂಡಿನವರಿಗೆ ಹೊಳೆಯೊಳಗಿನ ಹದಿನಾರು ಕಾಲು ಮಂಟಪ ಇದೆ. ತಮ್ಮ ಊರಿನಲ್ಲಿ ಸ್ನಾನಘಟ್ಟದ ಒಂದು ಮೆಟ್ಟಿಲು, ಒಂದು ಬಂಡೆ, ಕಾಲುವೆಯ ಮೋರಿ, ಪಂಪ್‌ಮನೆಯ ಕಟ್ಟೆ ಇರಬಹುದು. ನೀರು ಆ ಗುರುತು ಮುಟ್ಟಿದರೆ ಮತ್ತೆ ಚರ್ಚೆ ಕೂಡದು, ಹೊರಡತಕ್ಕದ್ದು. ಗುರುತು ಮುಟ್ಟುವ ಮೊದಲೇ ತಹಸೀಲ್ದಾರರ ಸೂಚನೆ ಬಂದರೆ, ರಾತ್ರಿಯಾಗಿದ್ದರೂ ಹೊರಡತಕ್ಕದ್ದು.

ಹೋದ ಮೇಲೆ ನೀರು ಬಾರದಿದ್ದರೆ ಊರವರು ನಗುತ್ತಾರೆಂಬ ಸಂಕೋಚ ಬೇಡ. ಒಂದು ರಾತ್ರಿಯ ನಿದ್ರೆ ಹೋದೀತು, ಅಷ್ಟೆ.

ಹೋಗುವ ದಾರಿಯನ್ನೂ ಗೊತ್ತುಮಾಡಿ. ಹತ್ತಿರದ ದಾರಿ ಹಳ್ಳವನ್ನೋ ತಗ್ಗಿನ ಸೇತುವೆಯನ್ನೋ ದಾಟುವಂತಿದ್ದರೆ ಅದು ನೆರೆಯ ದಾರಿಯಲ್ಲ. ಸುತ್ತುಬಳಸಾದರೂ ದಿಣ್ಣೆಯ ದಾರಿಯೇ ಲೇಸು. ಮೊಣಕಾಲುದ್ದದ ಹರಿಯುವ ನೀರು ಗಟ್ಟಿಮುಟ್ಟಾದ ಆಳನ್ನೂ ಕೆಡವಬಲ್ಲದು; ಎರಡು ಅಡಿ ನೀರು ಕಾರನ್ನೇ ತೇಲಿಸಬಲ್ಲದು.

ಯಾರಿಗೆ ಯಾವ ಕೆಲಸ

ಎಲ್ಲವೂ ಯಜಮಾನರಿಗೆ ಗೊತ್ತು ಎಂದರೆ ಸಾಲದು. ಅಂದು ಅವರು ಸಂತೆಗೆ ಹೋಗಿದ್ದರೆ? ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಕೆಲಸವನ್ನು ಕಾಗದದ ಮೇಲೆ ಬರೆದು ಬಾಗಿಲ ಹಿಂದೆ ಅಂಟಿಸಿ.

1. ವೃದ್ಧರು, ಬಾಣಂತಿ, ಮಕ್ಕಳು, ಹಾಸಿಗೆ ಹಿಡಿದವರು - ಇವರನ್ನು ಯಾರು ಕರೆದೊಯ್ಯಬೇಕು. ಇವರು ಎಲ್ಲರಿಗಿಂತ ಮೊದಲು ಹೊರಡಬೇಕು.
2. ದನಕರುಗಳನ್ನು ಯಾರು ಬಿಡಿಸಿ ಹೊಡೆದುಕೊಂಡು ಹೋಗಬೇಕು.
3. ಚೀಲ ಯಾರು ಎತ್ತಿಕೊಳ್ಳಬೇಕು.
4. ವಿದ್ಯುತ್ತಿನ ಮುಖ್ಯ ಸ್ವಿಚ್ಚು ಮತ್ತು ಅಡುಗೆ ಅನಿಲವನ್ನು ಯಾರು ಆರಿಸಬೇಕು. ನೆಲದಲ್ಲಿ ನೀರು ನಿಂತಿದ್ದರೆ ಸ್ವಿಚ್ಚು ಮುಟ್ಟಬಾರದು.

ಪ್ರತಿ ಕೆಲಸಕ್ಕೂ ಇನ್ನೊಬ್ಬರ ಹೆಸರು ಇರಲಿ. ಬೇರೆ ಬೇರೆ ಕಡೆ ಇರುವವರು ಬಂದು ಸೇರಲು ಒಂದು ಎತ್ತರದ ಜಾಗ ಗೊತ್ತಿರಲಿ. ಬೇರೆ ಊರಿನ ಒಬ್ಬ ನೆಂಟರ ಫೋನ್ ಸಂಖ್ಯೆ ಮಕ್ಕಳಿಗೂ ಬಾಯಿಪಾಠವಾಗಿರಲಿ. ಚದುರಿಹೋದವರು ಅವರಿಗೆ ಸುದ್ದಿ ಮುಟ್ಟಿಸಿದರೆ ಸಾಕು. ಮೊಬೈಲಿನಲ್ಲಿ ಮಾತ್ರ ಇರುವ ಸಂಖ್ಯೆ ಬ್ಯಾಟರಿ ಮುಗಿದರೆ ಸಿಗದು. ತುರ್ತು ಸಹಾಯಕ್ಕೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸಿಗೆ 108, ಕಡಿದುಬಿದ್ದ ವಿದ್ಯುತ್ ತಂತಿಯ ಬಗ್ಗೆ 1912 - ಇವನ್ನೂ ಅದೇ ಕಾಗದದಲ್ಲಿ ಬರೆಯಿರಿ.

ದನಕರುಗಳ ವಿಷಯ

ಒಕ್ಕಲಿನ ಮನೆಗೆ ಇದೇ ಕಠಿಣ ಭಾಗ. ಹಾಲು ಕೊಡುವ ಹಸುವನ್ನು ಬಿಟ್ಟು ಬರಲು ಯಾರಿಗೂ ಮನಸ್ಸು ಬಾರದು. ಆದುದರಿಂದಲೇ ದನಗಳು ಮನುಷ್ಯರಿಗಿಂತ ತಡವಾಗಿ ಅಲ್ಲ, ಮುಂಚಿತವಾಗಿ ಹೊರಡಬೇಕು. ನೀರು ಹೊರಡುವ ಗುರುತಿಗಿಂತ ಕೆಳಗಿರುವಾಗಲೇ, ಹಗಲಿನಲ್ಲಿಯೇ, ದಿಣ್ಣೆಯ ನೆಂಟರ ಹೊಲಕ್ಕೋ ಊರ ಮೇಲಿನ ಗೋಮಾಳಕ್ಕೋ ಸಾಗಿಸಿ. ಅಲ್ಲಿ ಒಂದು ವಾರಕ್ಕೆ ಆಗುವಷ್ಟು ಒಣಹುಲ್ಲನ್ನು ಮೊದಲೇ ಬಣವೆ ಹಾಕಿಡಿ. ಒಂದು ಹಸುವಿಗೆ ದಿನಕ್ಕೆ ಆರರಿಂದ ಎಂಟು ಕಿಲೋ ಎಂದು ಲೆಕ್ಕವಿಡಿ. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ಮುಂಗಾರಿಗೆ ಮುನ್ನ ಹಾಕಿಸಿ.

ಒಂದು ವೇಳೆ ಸಾಗಿಸಲು ಆಗದೇ ಹೋದರೆ, ಕಣ್ಣಿ ಬಿಚ್ಚಿ ಕೊಟ್ಟಿಗೆಯ ಬಾಗಿಲು ತೆರೆದುಬಿಡಿ. ಬಿಟ್ಟ ದನ ಈಜಿ ದಡ ಸೇರಬಹುದು. ಗೂಟಕ್ಕೆ ಕಟ್ಟಿದ ದನಕ್ಕೆ ಆ ದಾರಿಯೂ ಇಲ್ಲ. ಆದರೆ ಒಮ್ಮೆ ದಾಟಿ ಬಂದ ಮೇಲೆ ದನಕ್ಕಾಗಲಿ, ಹೊಳೆದಂಡೆಯ ಪಂಪ್‌ಸೆಟ್ಟಿಗಾಗಲಿ ಯಾರೂ ಹಿಂದಿರುಗಿ ನೀರಿಗೆ ಇಳಿಯಕೂಡದು. ಮೋಟಾರನ್ನು ಮತ್ತೆ ಕೊಳ್ಳಬಹುದು. ಮನೆಯ ಮಗನನ್ನು ಕೊಂಡು ತರುವ ಅಂಗಡಿ ಇಲ್ಲ. ಈ ಒಂದು ಮಾತನ್ನು ಮನೆಯ ಹಿರಿಯರು ಎಲ್ಲರೆದುರು ಬಾಯಿಬಿಟ್ಟು ಹೇಳಿರಬೇಕು. ಅಪ್ಪನ ಸಿಟ್ಟಿಗೆ ಹೆದರಿ ಹುಡುಗ ನೀರಿಗೆ ಇಳಿಯುವಂತಾಗಬಾರದು.

ಚೀಲದಲ್ಲಿ ಏನಿರಬೇಕು

ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಬೆಳೆ ವಿಮೆಯ ರಸೀದಿ, ಮಕ್ಕಳ ಅಂಕಪಟ್ಟಿ. ಜೊತೆಗೆ ಟಾರ್ಚು, ಬೆಂಕಿಪೊಟ್ಟಣ, ದಿನನಿತ್ಯದ ಔಷಧಿ, ಒಂದಿಷ್ಟು ನಗದು, ಹೊದಿಕೆ, ಅವಲಕ್ಕಿ, ಹುರಿಹಿಟ್ಟು, ಬೆಲ್ಲ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಮೂರು ಲೀಟರಿನಂತೆ ಬೇಕು. ಚೀಲ ಒಬ್ಬರು ಎತ್ತುವಷ್ಟೇ ಭಾರವಿರಲಿ. ನೀರಿನ ಕ್ಯಾನು ಬೇರೆ ಇರಲಿ.

ಬಿತ್ತನೆ ಬೀಜವನ್ನು ಮರೆಯಬೇಡಿ. ಚೆನ್ನಾಗಿ ಒಣಗಿಸಿದ ಭತ್ತ, ರಾಗಿ ಬೀಜದ ಒಂದು ಪಾಲನ್ನು ದಿಣ್ಣೆಯ ಮನೆಯಲ್ಲಿ ಇರಿಸಿ. ನಾಟಿ ಮಾಡಿದ ಪೈರು ಕೊಚ್ಚಿಹೋದರೆ ಅಲ್ಪಾವಧಿ ತಳಿಯ ಸಸಿಮಡಿ ಮಾಡಿಕೊಳ್ಳಲು ಅದೇ ಆಧಾರ. ಊರಿನ ಹತ್ತು ಮನೆಯವರು ಸೇರಿ ಎತ್ತರದ ಜಮೀನಿನಲ್ಲಿ ಒಂದು ಹೆಚ್ಚುವರಿ ಸಸಿಮಡಿ ಬೆಳೆಸಿದರೆ ಇನ್ನೂ ಉತ್ತಮ.

ನೀರು ಇಳಿದ ಮೇಲೆ

ಮನೆಯೊಳಗೆ ಕೋಲು ಆಡಿಸಿ ನೋಡಿ ಕಾಲಿಡಿ. ನೆರೆಯಲ್ಲಿ ಹಾವುಗಳೂ ನೆಲೆ ಹುಡುಕುತ್ತವೆ. ಕಡಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಡಿತಕ್ಕೊಳಗಾದವರನ್ನು ನಡೆಸದೆ ಬೇಗನೆ ಆಸ್ಪತ್ರೆಗೆ ಒಯ್ಯಿರಿ. ಕುಡಿಯುವ ನೀರನ್ನು ಕುದಿಸಿ ಆರಿಸಿ ಬಳಸಿ. ಭೇದಿಯಾದರೆ ಅಂಥ ಒಂದು ಲೀಟರು ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ್ಗೆ ಕುಡಿಸಿ. ಕಾಲಿನಲ್ಲಿ ಗಾಯವಿದ್ದವರು ಕೊಚ್ಚೆನೀರಿಗೆ ಇಳಿಯಬಾರದು, ಇಲಿಜ್ವರದ ಭಯವಿದೆ. ನೆನೆದ ಮೋಟಾರನ್ನು ಒಣಗಿಸಿ ಪರೀಕ್ಷೆ ಮಾಡಿಸದೆ ಚಾಲೂ ಮಾಡಬೇಡಿ.

ಬೆಳೆಹಾನಿಯ ಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗಳಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ. ವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಯಾವ ಬೆಳೆಯ ಯಾವ ನಷ್ಟಕ್ಕೆ ವಿಮೆ ಅನ್ವಯಿಸುತ್ತದೆ ಎಂಬುದನ್ನು ಕಂತು ಕಟ್ಟುವಾಗಲೇ ಕೇಳಿಕೊಳ್ಳಿ.

ಬಾಂಧವರೇ, ಇದಕ್ಕೆಲ್ಲ ಹೆಚ್ಚಿನ ಖರ್ಚಿಲ್ಲ. ಒಂದು ಸಂಜೆಯ ಮಾತುಕತೆ, ಒಂದು ಹಾಳೆ ಕಾಗದ, ಒಂದು ಚೀಲ ಸಾಕು. ರೋಹಿಣಿ ಮಳೆಗೆ ಮುನ್ನ ಬೀಜ, ಗೊಬ್ಬರದ ಮಾತಿಗೆ ಕುಳಿತಾಗ ಇದನ್ನೂ ಮಾತನಾಡಿ. ಒಂದು ಭಾನುವಾರ ಮಕ್ಕಳು, ಮುದುಕರೊಂದಿಗೆ ಆ ದಾರಿಯಲ್ಲಿ ದಿಣ್ಣೆಯವರೆಗೆ ನಡೆದು, ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ. ಅಷ್ಟು ಹೊತ್ತಿಗೆ ಮುಂಚೆ ನೀರು ಎಲ್ಲಿರುತ್ತದೋ ಅಲ್ಲಿಯೇ ತಮ್ಮ ಗುರುತನ್ನು ಇಡಿ.