ವಿದೇಶ ವ್ಯಾಸಂಗ: ಹೊರಡುವ ಮುನ್ನ ಮೂರು ಪ್ರಶ್ನೆಗಳು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಚೀನಾಕ್ಕೆ ಹೋಗಿಯಾದರೂ ವಿದ್ಯೆ ಸಂಪಾದಿಸಬೇಕೆಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಪ್ರವಾದಿವಚನವೆನ್ನಲು ಇರುವ ಆಧಾರ ದುರ್ಬಲವೆಂದು ಹದೀಸ್ ವಿದ್ವಾಂಸರು ತಿಳಿಸಿದ್ದಾರೆ. ಆದರೆ ಇಂದು ನಮ್ಮ ರಾಜ್ಯದ ಮಕ್ಕಳು ಚೀನಾ, ಕಿರ್ಗಿಸ್ತಾನ್, ಕಝಾಕಿಸ್ತಾನ್, ಫಿಲಿಪ್ಪೀನ್ಸ್, ಬಾಂಗ್ಲಾದೇಶ, ಮಲೇಷ್ಯಾಗಳಿಗೆ ನಿಜವಾಗಿಯೂ ಓದಲು ಹೋಗುತ್ತಿದ್ದಾರೆ. ಅಮೆರಿಕ, ಇಂಗ್ಲೆಂಡುಗಳ ಖರ್ಚು ನಮಗೆ ಎಟುಕದು. ಇಲ್ಲಿನ ಖಾಸಗಿ ವೈದ್ಯಕೀಯ ಸೀಟು ರೇಷ್ಮೆ ನೂಲು ತೆಗೆಯುವ ಮನೆಗೂ ಟೊಮೆಟೊ ಮಂಡಿಯ ಸಣ್ಣ ವ್ಯಾಪಾರಿಗೂ ದೂರದ ಮಾತು. ಹಾಗಾಗಿ 'ಕಡಿಮೆ ಶುಲ್ಕ, ಇಂಗ್ಲಿಷ್ ಮಾಧ್ಯಮ' ಎಂಬ ಕರಪತ್ರ ಕಂಡರೆ ಮನಸ್ಸು ಅತ್ತ ವಾಲುವುದು ಸಹಜ.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ರೀಲರ್ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಹಾಕುವುದಿಲ್ಲ. ಮಕ್ಕಳ ಆರು ವರ್ಷದ ಬದುಕಿಗೆ ಅಷ್ಟಾದರೂ ಪರೀಕ್ಷೆ ಬೇಡವೇ? ಮೂರು ಪ್ರಶ್ನೆ ಕೇಳಿ, ಉತ್ತರ ಸಿಕ್ಕ ಮೇಲೆ ಹಣ ಕಟ್ಟಿ.

ಮೊದಲನೆಯದು, ಈ ಪದವಿ ಊರಿಗೆ ಮರಳಿದಾಗ ನಡೆಯುತ್ತದೆಯೇ? ಹೊರದೇಶದಲ್ಲಿ ವೈದ್ಯಕೀಯ ಓದಿ ಭಾರತದಲ್ಲಿ ವೈದ್ಯರಾಗಬೇಕಾದರೆ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ ಇರಬೇಕು. ಆ ಪದವಿಯಿಂದ ಆ ದೇಶದಲ್ಲಿಯೂ ವೈದ್ಯವೃತ್ತಿ ನಡೆಸಲು ನೋಂದಣಿ ಸಿಗುವಂತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪದವಿ ಗೋಡೆಯ ಮೇಲಿನ ಚಿತ್ರಪಟವಾಗಿ ಉಳಿಯುತ್ತದೆ. ಅದಾದ ನಂತರ ಇಲ್ಲಿ ಎಫ್‌ಎಂಜಿಇ ಪರೀಕ್ಷೆ ಇದೆ. 300 ಅಂಕಗಳಲ್ಲಿ 150 ಬಂದರೆ ಪಾಸು. 2024ರ ಜೂನ್ ಆವೃತ್ತಿಯ ಪರೀಕ್ಷೆ ಬರೆದವರಲ್ಲಿ ಪಾಸಾದವರು ಐವರಿಗೆ ಸುಮಾರು ಒಬ್ಬರು. ಏಜೆಂಟರ ಕರಪತ್ರದಲ್ಲಿ ಈ ಸಾಲನ್ನು ಹುಡುಕಿ ನೋಡಿ.

ಎರಡನೆಯದು, ಇಂಗ್ಲಿಷ್ ಎಲ್ಲಿಯವರೆಗೆ? ತರಗತಿಯಲ್ಲಿ ಇಂಗ್ಲಿಷ್ ಇರಬಹುದು. ಆದರೆ ಬಿಷ್ಕೆಕ್‌ನ ಆಸ್ಪತ್ರೆಯಲ್ಲಿ ರೋಗಿ ತನ್ನ ನೋವನ್ನು ಹೇಳುವುದು ಕಿರ್ಗಿಜ್ ಅಥವಾ ರಷ್ಯನ್ ಭಾಷೆಯಲ್ಲಿ. ಚೀನಾದಲ್ಲಿ ಚೀನೀ ಭಾಷೆಯಲ್ಲಿ. ಆ ಭಾಷೆ ಕಲಿಯದವನು ವಾರ್ಡಿನಲ್ಲಿ ಮೂಕ ಪ್ರೇಕ್ಷಕ. ಅಲ್ಲಿ ಕಳೆದುಕೊಂಡದ್ದೇ ಮುಂದೆ ಪರೀಕ್ಷೆಯಲ್ಲಿ ಕಾಡುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಸ್ಥಳೀಯ ಭಾಷೆ ಕಲಿಯಿರಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಜಿಲ್ಲೆಯ ಮಕ್ಕಳಿಗೆ ಮತ್ತೊಂದು ಭಾಷೆ ಭಾರವಾಗದು.

ವೈದ್ಯಕೀಯ ಒಂದೇ ದಾರಿಯೂ ಅಲ್ಲ. 1983ರಲ್ಲಿ ಸ್ಥಾಪನೆಯಾದ ಮಲೇಷ್ಯಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್, ಅರ್ಥಶಾಸ್ತ್ರ, ಶಿಕ್ಷಣಶಾಸ್ತ್ರಗಳನ್ನು ಇಂಗ್ಲಿಷ್‌ನಲ್ಲಿ ಕಲಿಸುತ್ತಾರೆ. ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಹಿಂಜರಿಯುವ ಪೋಷಕರು ಇಂತಹ ಸಂಸ್ಥೆಗಳ ಬಗ್ಗೆ ವಿಚಾರಿಸಬಹುದು. ಇಂತಹ ಪದವಿಗಳಿಗೆ ಇಲ್ಲಿ ಸಮಾನತೆ ನೀಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಅದನ್ನೂ ಓದಿಕೊಳ್ಳಿ.

ಮೂರನೆಯದು, ಹಣ ಎಲ್ಲಿಂದ? ಬೋಧನಾ ಶುಲ್ಕ ಖರ್ಚಿನ ಒಂದು ಭಾಗ ಮಾತ್ರ. ಹಾಸ್ಟೆಲ್, ಊಟ, ವೀಸಾ, ವಿಮೆ, ವಿಮಾನ ದರ ಬೇರೆ. ಡಾಲರ್ ಏರಿದರೆ ಎಲ್ಲವೂ ಏರುತ್ತದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ಕೇಂದ್ರ ನೀಡುತ್ತಿದ್ದ 'ಪಢೋ ಪರದೇಶ್' ಸಹಾಯಧನ 2022-23ರಿಂದ ನಿಂತುಹೋಗಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶ ವ್ಯಾಸಂಗಕ್ಕೆ ಸಾಲ ಯೋಜನೆ ರೂಪಿಸಿದೆ. ಆದಾಯ ಮಿತಿ, ಜಾಮೀನು, ಕೊನೆಯ ದಿನಾಂಕಗಳನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿಯೇ ಕೇಳಿ. ಜಮೀನು ಮಾರುವ ಮುನ್ನ, ಬಡ್ಡಿಗೆ ಕೈಚಾಚುವ ಮುನ್ನ ಇಷ್ಟು ಮಾಡಿ. ನಮ್ಮದೇ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರ್ ಆದವರು. ನೆರವು ಕೇಳುವುದರಲ್ಲಿ ನಾಚಿಕೆಯಿಲ್ಲ.

ಆಪತ್ತನ್ನೂ ಮರೆಯಬಾರದು. 2020ರಲ್ಲಿ ಕೋವಿಡ್‌ನಿಂದ ಊರಿಗೆ ಬಂದ ಚೀನಾದ ವಿದ್ಯಾರ್ಥಿಗಳಿಗೆ 2022ರವರೆಗೆ ಮರಳಲು ಆಗಲಿಲ್ಲ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ದಾಳಿ ನಡೆಯಿತು. ಹೋದ ವಾರವೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಹೊರಗೆ ಓದಿ ಬಂದವರ ಪಟ್ಟಿಯೊಂದನ್ನು ನಮ್ಮ ತಾಲ್ಲೂಕುಗಳಲ್ಲಿ ತಯಾರಿಸೋಣ. ಪಾಸಾದವರನ್ನೂ ಆಗದವರನ್ನೂ ಕರೆಸಿ ಮಕ್ಕಳೊಡನೆ ಮಾತನಾಡಿಸೋಣ. ಏಜೆಂಟನಿಗಿಂತ ಅವರ ಮಾತು ಹೆಚ್ಚು ಬೆಲೆಯುಳ್ಳದ್ದು.

ವಿದ್ಯೆ ಅರಸುವುದು ನಮ್ಮ ಮೇಲಿರುವ ಕರ್ತವ್ಯ. ವಿಚಾರಿಸಿ ಅರಸುವುದು ಆ ಕರ್ತವ್ಯದ ಭಾಗ. ಅಲ್ಲಾಹನು ನಿಮ್ಮ ಪ್ರಯತ್ನಗಳನ್ನು ಸಫಲಗೊಳಿಸಲಿ, ಆಮೀನ್.