ತುಕ್ಕು ಮತ್ತು ಬೆಸುಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ನಾವು ಒಂದು ರೋಗವೆಂದು ಭಾವಿಸುತ್ತೇವೆ. ರಸಾಯನಶಾಸ್ತ್ರವನ್ನು ಕೇಳಿದರೆ ಅದು ಬೇರೆಯ ಮಾತನ್ನೇ ಹೇಳುತ್ತದೆ. ಭೂಮಿಯಲ್ಲಿ ಕಬ್ಬಿಣ ದೊರೆಯುವುದು ಬಹುಮಟ್ಟಿಗೆ ಆಮ್ಲಜನಕದೊಡನೆ ಕೂಡಿಕೊಂಡ ಅದಿರಿನ ರೂಪದಲ್ಲಿ. ಮನುಷ್ಯನು ಆ ಅದಿರನ್ನು ಬೆಂಕಿಗೆ ಒಡ್ಡಿ, ಇದ್ದಿಲಿನ ನೆರವಿನಿಂದ ಆಮ್ಲಜನಕವನ್ನು ಬಿಡಿಸಿ, ಲೋಹವನ್ನು ಹೊರತೆಗೆಯುತ್ತಾನೆ. ತೇವವೂ ಗಾಳಿಯೂ ಒಟ್ಟಿಗೆ ಸಿಕ್ಕಿದರೆ ಸಾಕು, ಕಬ್ಬಿಣ ತನ್ನ ಹಳೆಯ ನೆಂಟನನ್ನು ಮತ್ತೆ ಕೂಡಿಕೊಳ್ಳುತ್ತದೆ. ಮಲೆನಾಡಿನ ಮನೆಯ ಗೋಡೆಗೆ ಇಟ್ಟ ಜಂಬಿಟ್ಟಿಗೆ ಕಲ್ಲಿನ ಕೆಂಪು, ಅಂಗಳದ ಮಣ್ಣಿನ ಕೆಂಪು, ಹಳೆಯ ಜೀಪಿನ ತಳದಿಂದ ಉದುರುವ ಪುಡಿಯ ಕೆಂಪು, ಈ ಮೂರೂ ಒಂದೇ ಮನೆತನದವು.

ನಾನು ಲೋಹಶಾಸ್ತ್ರವನ್ನು ಓದಿದವನಲ್ಲ. ವೃತ್ತಿಯಿಂದ ಬೆಸುಗೆಯ ಕೆಲಸದವನೂ ಅಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಮಳೆಯ ಸೀಮೆಯಲ್ಲಿ ಒಂದು ಹಳೆಯ ಜೀಪನ್ನು ಇಟ್ಟುಕೊಂಡು, ಅದರ ಸೇವೆಗಾಗಿ ಕೊಟ್ಟಿಗೆಯ ಮಗ್ಗುಲಲ್ಲಿ ವೆಲ್ಡಿಂಗ್ ಕೆಲಸವನ್ನು ಅಷ್ಟಿಷ್ಟು ಕಲಿತವನು. ಆ ಕಲಿಕೆಯಿಂದ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಮೊದಲು ಜೀಪಿನ ವಿಷಯವಾಗಿ ಎರಡು ಮಾತು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ಎಲ್ಲಿ ಬೇಕಾದರೂ ನುಗ್ಗುವ ಒಂದು ವಾಹನ ಬೇಕಾಯಿತು. ಅದರ ಮೊದಲ ಮಾದರಿಯನ್ನು ಸಿದ್ಧಪಡಿಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ರಾಶಿರಾಶಿಯಾಗಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು. 1945ರ ವೇಳೆಗೆ ಆರು ಲಕ್ಷಕ್ಕೂ ಮೀರಿ ಜೀಪುಗಳು ಹೊರಬಂದಿದ್ದವು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸತೊಡಗಿತು. ಮುಂದೆ ಇಲ್ಲಿಯೇ ತಯಾರಿಸಿತು. ಹೀಗೆ ಯುದ್ಧಕ್ಕೆಂದು ಹುಟ್ಟಿದ ಗಾಡಿ ನಮ್ಮ ಕಾಫಿ ತೋಟಗಳಿಗೆ, ಅಡಿಕೆ ತೋಟಗಳಿಗೆ, ಸೇತುವೆ ಕಾಣದ ಹಳ್ಳಗಳ ಆಚೆಯ ಊರುಗಳಿಗೆ ಬಂದು ಸೇರಿತು. ಗೊಬ್ಬರವನ್ನು ಹೊತ್ತಿತು, ಮದುವೆಯ ದಿಬ್ಬಣವನ್ನು ಹೊತ್ತಿತು, ನಡುರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿತು. ಇಂದಿಗೂ ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಯಾತ್ರಿಕರನ್ನು ಮೇಲಕ್ಕೆ ಒಯ್ಯುವುದು ಜೀಪುಗಳೇ.

ಈ ಗಾಡಿಯ ಒಂದು ಗುಣ ನನ್ನಂಥ ಹವ್ಯಾಸಿಗೆ ಹೇಳಿ ಮಾಡಿಸಿದಂತಿದೆ. ಇದರ ಮೈಯಲ್ಲಿ ಬಳುಕು ಕಡಿಮೆ. ಇಂದಿನ ಕಾರಿನ ತಗಡನ್ನು ದೊಡ್ಡ ಅಚ್ಚುಯಂತ್ರದಲ್ಲಿಯೇ ಒತ್ತಬೇಕು. ಜೀಪಿನದೋ ಹೆಚ್ಚಿನ ಪಾಲು ಚಪ್ಪಟೆಯಾದ ತಗಡು, ನೇರವಾದ ಮಡಿಕೆ. ಒಂದು ವೈಸು, ಒಂದು ಸುತ್ತಿಗೆ, ಒಂದು ಕಬ್ಬಿಣದ ಪಟ್ಟಿ ಇದ್ದರೆ ಬೇಕಾದ ತುಂಡನ್ನು ಮನೆಯಲ್ಲಿಯೇ ಮಡಿಸಿಕೊಳ್ಳಬಹುದು. ಆದುದರಿಂದಲೇ ಎಪ್ಪತ್ತು ವರ್ಷದ ಜೀಪುಗಳು ಇನ್ನೂ ಓಡಾಡುತ್ತಿವೆ.

ಆದರೆ ಅವು ನಮ್ಮ ಮಳೆಯಲ್ಲಿ ಓಡಾಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡು ಒಣಗುವುದೆಂಬುದೇ ಇಲ್ಲ. ತುಕ್ಕು ಒಂದು ಬಗೆಯ ವಿದ್ಯುತ್ ವ್ಯಾಪಾರವೆಂದು ವಿಜ್ಞಾನಿಗಳು ಹೇಳುತ್ತಾರೆ. ಒಂದು ಹನಿ ನೀರಿನ ಅಡಿಯಲ್ಲಿ ಕಬ್ಬಿಣದ ಒಂದು ಭಾಗ ಕರಗುತ್ತದೆ, ಇನ್ನೊಂದು ಭಾಗದಲ್ಲಿ ಆಮ್ಲಜನಕ ಸೇರಿಕೊಳ್ಳುತ್ತದೆ. ನಡುವೆ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ನೀರಿನಲ್ಲಿ ಉಪ್ಪಿನಂಶವಿದ್ದರೆ ವ್ಯಾಪಾರ ಇನ್ನೂ ಚುರುಕು. ಕರಾವಳಿಯ ಗಾಡಿಗಳು ಬೇಗ ಸವೆಯುವುದಕ್ಕೆ ಇದೇ ಕಾರಣ. ಹೀಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕು ಜಾಗವನ್ನು ಬೇಡುತ್ತದೆ. ಬಣ್ಣದ ಅಡಿಯಲ್ಲಿ ಗುಳ್ಳೆ ಏಳುವುದು, ಜೋಡಿಸಿದ ಎರಡು ತಗಡುಗಳು ಬಾಯಿಬಿಡುವುದು ಈ ಉಬ್ಬರದಿಂದಲೇ.

ತುಕ್ಕು ಕಣ್ಣಿಗೆ ಬೀಳುವ ಸ್ಥಳದಲ್ಲಿ ಹುಟ್ಟುವುದು ಅಪರೂಪ. ಯುದ್ಧಕಾಲದ ಜೀಪಿನ ನೆಲದ ಅಡಿಯಲ್ಲಿ ಬಲಕ್ಕಾಗಿ ಟೋಪಿಯಾಕಾರದ ಪಟ್ಟಿಗಳಿದ್ದವು; ಅವುಗಳ ಒಳಗೆ ಮರದ ತುಂಡನ್ನು ತುರುಕಿದ್ದರು. ಮರ ನೀರು ಕುಡಿದು ಒದ್ದೆಯಾಗಿ ಕುಳಿತರೆ, ಅದನ್ನು ಅಪ್ಪಿಕೊಂಡ ಕಬ್ಬಿಣದ ಗತಿ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಚಕ್ರದ ಮೇಲಿನ ಕಮಾನಿನ ಒಳಸಂದಿ, ಹಿಂಬದಿಯ ಸಾಮಾನುಪೆಟ್ಟಿಗೆಯ ತಳ, ಕಾಲಿಡುವ ನೆಲದ ಮೂಲೆ, ಹೀಗೆ ಕೆಸರು ಸೇರಿ ಹೊರಬರಲಾರದ ಜಾಗಗಳೆಲ್ಲ ಅದರ ತವರು.

ಆದ್ದರಿಂದ ರಿಪೇರಿಯ ಮೊದಲ ಕೆಲಸವನ್ನು ಕಣ್ಣಿಗಿಂತ ಕಿವಿಯೇ ಚೆನ್ನಾಗಿ ಮಾಡುತ್ತದೆ. ಚಿಕ್ಕ ಸುತ್ತಿಗೆಯಿಂದ ತಗಡನ್ನು ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹ ಗಂಟೆಯಂತೆ ಕಣ್ಣೆನ್ನುತ್ತದೆ. ಒಳಗೆ ಕೊಳೆತದ್ದು ಒದ್ದೆ ಹಲಗೆಯಂತೆ ದಬ್ಬೆನ್ನುತ್ತದೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ಬಡಿದು ನೋಡುವ ನಮ್ಮ ಹೆಂಗಸರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾದದ್ದಿಲ್ಲ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ಮೇಲೆ ಕಾಸಿನಗಲದ ಕಲೆ ಕಂಡಲ್ಲಿ ಒಳಗೆ ಅಂಗೈಯಗಲ ಸವೆದಿರುವುದು ಸಾಮಾನ್ಯ.

ಇಲ್ಲಿ ರಿಪೇರಿಗೆ ಎರಡು ದಾರಿ. ಸುಲಭವಾದದ್ದು ತೇಪೆಯ ದಾರಿ. ತೂತಿನ ಮೇಲೆ ಒಂದು ತಗಡನ್ನು ಅಂಟಿಸಿ, ಅಂಚಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಸಂಜೆಯ ಹೊತ್ತಿಗೆ ಗಾಡಿ ಮದುವಣಗಿತ್ತಿಯಂತೆ ನಿಲ್ಲುತ್ತದೆ. ಮಾರುವವನಿಗೆ ಇಷ್ಟು ಸಾಕು. ಆದರೆ ಹಳೆಯ ತುಕ್ಕು ಹೊಸ ತಗಡಿನ ಮರೆಯಲ್ಲಿ ಹಾಗೆಯೇ ಉಳಿಯಿತು. ಎರಡರ ಸಂದಿನಲ್ಲಿ ನೀರು ನಿಲ್ಲುವುದಕ್ಕೆ ಹೊಸದಾಗಿ ಒಂದು ಜಾಗವೂ ದೊರೆಯಿತು. ಮೊದಲು ಒಂದು ತಗಡನ್ನು ತಿನ್ನುತ್ತಿದ್ದುದು ಈಗ ಎರಡನ್ನು ತಿನ್ನುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣದ ಮೇಲೆ ಮತ್ತೆ ಗುಳ್ಳೆ.

ಎರಡನೆಯದು ಕತ್ತರಿಸುವ ದಾರಿ. ಗಟ್ಟಿಯಾದ, ಹೊಳೆಯುವ ಲೋಹ ಸಿಗುವತನಕ ಕೊಳೆತದ್ದನ್ನು ಕತ್ತರಿಸಿ ತೆಗೆಯಬೇಕು. ಸಣ್ಣ ತೂತನ್ನು ಕೈಯಾರೆ ದೊಡ್ಡದು ಮಾಡುವ ಕೆಲಸವಿದು. ನೋಡುವವರಿಗೆ ಗಾಡಿಯನ್ನು ಹಾಳುಮಾಡುತ್ತಿದ್ದಾನೆಂದೇ ತೋರುತ್ತದೆ. ಮನಸ್ಸೂ ಹಿಂಜರಿಯುತ್ತದೆ, ಇಷ್ಟು ಸಾಕು ಎನ್ನುತ್ತದೆ. ಈ ಹಿಂಜರಿಕೆಯನ್ನು ಮೀರಿದವನ ಕೆಲಸ ಮಾತ್ರ ಬಾಳುತ್ತದೆ. ಕತ್ತರಿಸಿದ ಮೇಲೆ ರಟ್ಟಿನಲ್ಲಿ ಅಳತೆ ತೆಗೆದು, ಅದೇ ದಪ್ಪದ ತಗಡನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡುವಂತೆ ಕೂರಿಸಬೇಕು.

ಇನ್ನು ಬೆಸುಗೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ವೆಲ್ಡಿಂಗ್ ಯಂತ್ರ ಕಡಿಮೆ ವೋಲ್ಟಿಗೆ ಇಳಿಸಿ, ಅದಕ್ಕೆ ಪ್ರತಿಯಾಗಿ ಪ್ರವಾಹವನ್ನು ಏರಿಸಿಕೊಡುತ್ತದೆ. ಹಿಂದೆ ಇಬ್ಬರು ಹೊರಬೇಕಾಗಿದ್ದ ಯಂತ್ರದ ಜಾಗದಲ್ಲಿ ಈಗ ಒಂದೇ ಕೈಯಲ್ಲಿ ಎತ್ತುವ ಇನ್ವರ್ಟರ್ ಮಾದರಿಗಳು ಬಂದಿವೆ. ಕಬ್ಬಿಣ ಕರಗುವುದು 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾಡಿನ ತುದಿಯ ಕಿಡಿಯ ಶಾಖ ಅದಕ್ಕಿಂತ ಬಹಳ ಹೆಚ್ಚು. ಜೀಪಿನ ತಗಡಿನ ದಪ್ಪವಾದರೋ ಒಂದು ಮಿಲಿಮೀಟರಿಗೆ ತುಸು ಮೇಲೆ. ಅರೆಕ್ಷಣ ಹೆಚ್ಚು ನಿಂತರೆ ಬೆಸುಗೆಯ ಬದಲು ತೂತು ಬೀಳುತ್ತದೆ. ಆದ್ದರಿಂದ ತೆಳ್ಳನೆಯ ರಾಡು, ಕಡಿಮೆ ಪ್ರವಾಹ, ಅಲ್ಲೊಂದು ಇಲ್ಲೊಂದು ಚುಕ್ಕೆ. ಈ ಮೂಲೆಗೊಂದು ಚುಕ್ಕೆ ಇಟ್ಟರೆ ಮುಂದಿನದು ಎದುರು ಮೂಲೆಗೆ. ನಡುವೆ ತಗಡು ಆರಲು ಬಿಡಬೇಕು. ಒಂದೇ ಸಮನೆ ಗೆರೆ ಎಳೆಯುತ್ತ ಹೋದರೆ ಶಾಖಕ್ಕೆ ತಗಡು ಸೊಟ್ಟಗಾಗಿ ಹಪ್ಪಳದಂತೆ ಏಳುತ್ತದೆ. ಸಂದಿನ ಹಿಂದೆ ತಾಮ್ರದ ಪಟ್ಟಿಯನ್ನು ಒತ್ತಿಹಿಡಿದರೆ ಅದು ಶಾಖವನ್ನು ಹೀರಿಕೊಳ್ಳುತ್ತದೆ, ಬೆಸುಗೆಯೂ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಒಟ್ಟಿನಲ್ಲಿ ಇದು ರಂಗೋಲಿಯ ಚುಕ್ಕೆ ಇಡುವಷ್ಟೇ ತಾಳ್ಮೆಯ ಕೆಲಸ.

ಶ್ರೋತೃಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವವರಿದ್ದರೆ ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಆಸನದ ಕೆಳಗೆ. ಅದನ್ನು ಕಳಚಿ ದೂರ ಇಡದೆ ಒಂದು ಕಿಡಿಯನ್ನೂ ಹಾರಿಸಬಾರದು. ಬರಿದಾದ ಟ್ಯಾಂಕು ನಿರಪಾಯವೆಂಬ ನಂಬಿಕೆ ತಪ್ಪು. ಅದರೊಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ತುಂಬಿದ ಟ್ಯಾಂಕಿಗಿಂತ ಹೆಚ್ಚು ಭಯಂಕರವಾಗಿರುತ್ತದೆ. ಬ್ಯಾಟರಿಯ ತಂತಿಯನ್ನೂ ಬಿಚ್ಚಿಡಬೇಕು. ಕಿಡಿಯ ಬೆಳಕಿನಲ್ಲಿ ಅತಿನೇರಳೆ ಕಿರಣಗಳಿವೆ; ಮುಖಗವಚವಿಲ್ಲದೆ ನೋಡಿದರೆ ಆ ಹೊತ್ತಿಗೆ ಏನೂ ತಿಳಿಯದು, ರಾತ್ರಿ ಕಣ್ಣಿಗೆ ಮರಳು ತುಂಬಿದಂತೆ ಉರಿಯುತ್ತದೆ. ಮಾಡಿನ ಮೇಲೆ ಹೊದಿಸಿ ಉಳಿದ ಸತುವಿನ ಲೇಪದ ಶೀಟು ಮನೆಯಲ್ಲಿ ಬಿದ್ದಿರುತ್ತದೆ, ಅದನ್ನೇ ಬಳಸೋಣವೆಂದು ತೋರುವುದು ಸಹಜ. ಆ ಸತು ಸುಟ್ಟ ಹೊಗೆಯನ್ನು ಕುಡಿದರೆ ಚಳಿಜ್ವರ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಜೀಪಿನ ಮೈ ಬೇರೆ, ಬೆನ್ನೆಲುಬು ಬೇರೆ. ಎಂಜಿನ್ನು, ಚಕ್ರ, ಸ್ಪ್ರಿಂಗು, ಸ್ಟೀರಿಂಗು ಎಲ್ಲ ನಿಂತಿರುವುದು ಚಾಸಿಯ ಮೇಲೆ. ನೆಲದ ತಗಡಿನ ಬೆಸುಗೆ ಬಿಟ್ಟರೆ ಕಾಲಿಗೆ ಕೆಸರು ಸಿಡಿದೀತು. ಚಾಸಿಯ ಬೆಸುಗೆ ಬಿಟ್ಟರೆ ಮನೆಗಳೇ ಮುಳುಗಿಹೋದಾವು.

ಒಮ್ಮೆ ಮಳೆಗಾಲದ ಕೊನೆಯಲ್ಲಿ ನಮ್ಮ ಕಡೆಯ ಒಬ್ಬ ತರುಣ ತನ್ನ ಜೀಪನ್ನು ನನ್ನ ಅಂಗಳಕ್ಕೆ ತಂದು ನಿಲ್ಲಿಸಿದ. ಹಿಂದಿನ ಸ್ಪ್ರಿಂಗು ಚಾಸಿಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು. "ಮೇಷ್ಟ್ರೇ, ಒಂದು ವೆಲ್ಡಿಂಗ್ ಹೊಡೆದುಕೊಡಿ, ಸಾಕು. ನಾಳೆ ದಿಬ್ಬಣ ಹೊರಡಬೇಕು" ಎಂದ. ನಾನು ಅಡಿಯಲ್ಲಿ ಮಲಗಿ ತಟ್ಟಿ ನೋಡಿದೆ. ಬಿರುಕಿನ ಸುತ್ತ ಒಂದು ಗೇಣು ಉದ್ದಕ್ಕೂ ದಬ್ಬೆಂಬ ಸದ್ದು. "ಇಲ್ಲ ಮಾರಾಯ, ಇದು ನನ್ನ ಕೈಯ ಕೆಲಸವಲ್ಲ. ಈ ಗಾಡಿಯಲ್ಲಿ ನಾಳೆ ಜನ ಹತ್ತಿಸಬೇಡ" ಎಂದೆ. "ನೀವೇ ಹೀಗಂದರೆ ಹೇಗೆ? ನಿಮ್ಮ ಗಾಡಿಗೆ ಅಷ್ಟೆಲ್ಲ ಮಾಡಿಕೊಂಡಿದ್ದೀರಿ" ಎಂದು ಅವನು ನೊಂದುಕೊಂಡ. ಬಿರುಕಿನ ಮೇಲೆ ಒಂದು ಗೆರೆ ಎಳೆದುಕೊಡುವುದು ನನಗೆ ಹತ್ತು ನಿಮಿಷದ ಕೆಲಸ. ನೋಡಲು ಚೆನ್ನಾಗಿಯೂ ಇರುತ್ತಿತ್ತು. ಆದರೆ ಒಳಗಿನಿಂದ ತೆಳುವಾದ ಲೋಹ ಬೆಸುಗೆಯನ್ನು ಹಿಡಿದಿಟ್ಟುಕೊಳ್ಳಲಾರದು; ಘಟ್ಟದ ತಿರುವಿನಲ್ಲಿ ಭಾರ ಬಿದ್ದಾಗ ಬೆಸುಗೆಯ ಮಗ್ಗುಲಲ್ಲಿಯೇ ಬಾಯಿಬಿಡುತ್ತದೆ. ಅವನು ಮುಖ ಸಣ್ಣದು ಮಾಡಿಕೊಂಡು ಹೊರಟ. ದಿಬ್ಬಣಕ್ಕೆ ಬೇರೆ ಗಾಡಿ ಗೊತ್ತುಮಾಡಿದನೆಂದು ಆಮೇಲೆ ತಿಳಿಯಿತು. ಮುಂದೆ ಪಟ್ಟಣದ ನುರಿತ ಕೆಲಸಗಾರರು ಮೈಯನ್ನೆಲ್ಲ ಎತ್ತಿ, ಚಾಸಿಯ ಆ ಭಾಗವನ್ನು ಕತ್ತರಿಸಿ ತೆಗೆದಾಗ ನನ್ನನ್ನೂ ಕರೆದಿದ್ದ. ಒಳಗಿನಿಂದ ಎರಡು ಬೊಗಸೆ ತುಕ್ಕು ಸುರಿಯಿತು. ಉಳಿದ ಕಬ್ಬಿಣ ಕೈಯಲ್ಲಿ ಬಗ್ಗುವಂತಿತ್ತು. ನಾವಿಬ್ಬರೂ ಅದನ್ನು ನೋಡುತ್ತ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಿ ನೋಂದಣಿಯನ್ನು ನವೀಕರಿಸಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೇ. ಆದರೆ ಹೊಸ ಬಣ್ಣದ ಹಿಂದಿರುವ ಹಳೆಯ ತುಕ್ಕನ್ನು ಎಲ್ಲರಿಗಿಂತ ಮೊದಲು ಬಲ್ಲವನು ಅದನ್ನು ಮುಚ್ಚಿದವನೇ. ಅವನು ಹೇಳದೆ ಉಳಿದರೆ ಪರೀಕ್ಷೆಯೂ ಮೋಸಹೋಗಬಹುದು.

ಬೆಸುಗೆ ಮುಗಿದ ಮೇಲೂ ಕೆಲಸ ಉಳಿದಿರುತ್ತದೆ. ಬೆಸೆದ ಜಾಗ ಬತ್ತಲೆ ಕಬ್ಬಿಣ. ಅದೇ ದಿನ ಸತುವಿನ ಅಂಶವಿರುವ ಪ್ರೈಮರನ್ನು ಬಳಿಯಬೇಕು. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಸಂದುಗಳ ಒಳಗೆ ಎಣ್ಣೆಯನ್ನೋ ಮೇಣವನ್ನೋ ಬಿಡಬೇಕು. ನೀರು ಹರಿದುಹೋಗುವ ತೂತುಗಳನ್ನು ತೆರೆದಿಡಬೇಕು. ಮಳೆಗಾಲದಲ್ಲಿ ಗಾಡಿಯ ಮೇಲ್ಮೈಗಿಂತ ತಳವನ್ನು ತೊಳೆಯುವುದು ಮುಖ್ಯ.

ಕೊಡಚಾದ್ರಿಯ ಮೇಲೆ, ಜೀಪುಗಳು ಏದುಸಿರು ಬಿಟ್ಟು ನಿಲ್ಲುವ ಎಡೆಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬವಿದೆ. ದೇವಿಯು ಮೂಕಾಸುರನನ್ನು ಕೊಂದ ತ್ರಿಶೂಲವೆಂದು ಭಕ್ತರು ಅದಕ್ಕೆ ಕೈಮುಗಿಯುತ್ತಾರೆ. ನಾಡಿನ ಹಳೆಯ ಕುಲುಮೆಯ ಪದ್ಧತಿಯಲ್ಲಿ ತಯಾರಾದ ಕಬ್ಬಿಣವೆಂದು ಲೋಹತಜ್ಞರು ಅದನ್ನು ಪರೀಕ್ಷಿಸುತ್ತಾರೆ. ಆ ಮಳೆಯಲ್ಲಿ, ಕಡಲಿನಿಂದ ಬೀಸುವ ಗಾಳಿಯಲ್ಲಿ ಅದು ಬಹುಕಾಲದಿಂದ ನಿಂತಿದೆ. ದೆಹಲಿಯ ಮೆಹ್ರೌಲಿಯಲ್ಲಿರುವ, ಸುಮಾರು 1,600 ವರ್ಷ ಹಳೆಯ ಸ್ತಂಭದ ಗುಟ್ಟನ್ನು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದ್ದಾರೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು; ಅದರಿಂದ ಮೇಲ್ಮೈಯಲ್ಲಿ ಒಂದು ತೆಳುವಾದ, ಬಿಗಿಯಾದ ಪದರ ಹುಟ್ಟಿ ಒಳಗಿನ ಲೋಹವನ್ನು ಕಾಪಾಡುತ್ತಿದೆ. ಅಂದರೆ ಆ ಸ್ತಂಭಕ್ಕೂ ತುಕ್ಕು ಹಿಡಿದಿದೆ. ಹಿಡಿದ ತುಕ್ಕು ಗಟ್ಟಿಯಾಗಿ ನಿಂತು ಕವಚವಾಯಿತು. ನಮ್ಮ ಜೀಪಿನ ಅಗ್ಗದ ಉಕ್ಕಿಗೆ ಆ ಭಾಗ್ಯವಿಲ್ಲ. ಅದರ ತುಕ್ಕು ಸಡಿಲವಾದದ್ದು, ಉದುರುತ್ತದೆ, ಒಳಗಿನ ಲೋಹವನ್ನು ಮತ್ತೆ ಮಳೆಗೆ ತೆರೆದಿಡುತ್ತದೆ. ಆ ಕೊರತೆಯನ್ನು ಮನುಷ್ಯನ ಕೈ ವರ್ಷವರ್ಷವೂ ತುಂಬಿಕೊಡಬೇಕು.

ಹಳೆಯ ಗಾಡಿಯ ಬಗ್ಗೆ ಇಷ್ಟು ಪಾಡು ಪಡುವುದೇಕೆಂದು ಕೇಳುವವರಿದ್ದಾರೆ. ತುಕ್ಕನ್ನು ಗೆಲ್ಲುತ್ತೇನೆಂಬ ಭ್ರಮೆ ನನಗಿಲ್ಲ; ಮಣ್ಣಿನಿಂದ ಬಂದದ್ದು ಮಣ್ಣಿಗೆ ಹೋಗಲೇಬೇಕು. ನಾವು ಮಾಡಬಹುದಾದದ್ದು ನಾಲ್ಕಾರು ಮಳೆಗಾಲಗಳ ವಾಯಿದೆಯನ್ನು ಕೇಳಿ ಪಡೆಯುವುದಷ್ಟೆ. ಆ ವಾಯಿದೆಯೂ ಸಿಗುವುದು, ಎಲ್ಲಿಯತನಕ ಕೊಳೆತಿದೆಯೆಂದು ನೋಡಲು ಅಂಜದವನಿಗೆ, ತನ್ನ ಕೈಗೆ ಮೀರಿದ್ದನ್ನು ಮೀರಿದೆಯೆಂದು ಹೇಳಬಲ್ಲವನಿಗೆ. ಈ ವರ್ಷದ ಮಳೆ ಮುಗಿಯುತ್ತಲೇ ನನ್ನ ಜೀಪಿನ ಎಡಗಡೆಯ ನೆಲವನ್ನು ತಟ್ಟಿ ನೋಡಬೇಕಾಗಿದೆ.